26 ಅಡಿ ಹಾಯಿದೋಣಿಗೆ ಹೊಸ ಡೀಸೆಲ್ ಎಂಜಿನ್: 16 ಎಚ್‌ಪಿ ಸಾಕಾ, 20 ಬೇಕಾ, 30ಕ್ಕೇ ಹೋಗಲಾ?

ಹಾಯಿಪಟ (ಅಕ್ಟೋಬರ್ 6)

ಎಲ್ಲರಿಗೂ ನಮಸ್ಕಾರ. ಇಲ್ಲಿ ದೋಣಿ ಇಟ್ಟುಕೊಂಡಿರುವ ಕನ್ನಡದವರು ನಾಲ್ಕೈದು ಜನ ಇದ್ದೀರಿ ಅಂತ ಗೊತ್ತು. ಸಲಹೆ ಬೇಕು. ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡು ಓದಿ.

ನನ್ನದು ವೆಸ್ಟರ್ಲಿ ಸೆಂಟಾರ್, 1977ರದ್ದು. 26 ಅಡಿ ಉದ್ದ, ಅಡಿಯಲ್ಲಿ ಎರಡು ಕೀಲ್ (ತಳದಿಂದ ಕೆಳಕ್ಕೆ ಚಾಚಿದ ಭಾರದ ರೆಕ್ಕೆಗಳು). ಇಂಗ್ಲೆಂಡಿನ ದಕ್ಷಿಣ ತೀರದ ಲ್ಯಾಂಗ್‌ಸ್ಟೋನ್ ಹಾರ್ಬರ್‌ನಲ್ಲಿ ಕಟ್ಟಿರುತ್ತೇನೆ. ನೀರು ಇಳಿದರೆ ಎಮ್ಮೆಯ ಹಾಗೆ ಕೆಸರಿನಲ್ಲಿ ಕೂತಿರುತ್ತದೆ, ನೀರು ಏರಿದಾಗ ಎದ್ದು ನಿಲ್ಲುತ್ತದೆ. ಅದಕ್ಕೇ ಕಟ್ಟುವ ಬಾಡಿಗೆ ಕಡಿಮೆ.

ಒಳಗಿರುವುದು ದೋಣಿಯಷ್ಟೇ ವಯಸ್ಸಾದ ಎಂಜಿನ್. ಎರಡು ಸಿಲಿಂಡರ್, 23 ಎಚ್‌ಪಿ, ಸಮುದ್ರದ ನೀರನ್ನೇ ಬ್ಲಾಕಿನೊಳಗೆ ಓಡಿಸಿ ತಂಪಾಗುವ ಹಳೇ ನಮೂನೆ. ಓಡುವಾಗ ಊರಿನ ತೋಟದ ಪಂಪ್‌ಸೆಟ್ ಸದ್ದು. ನನಗೆ ಆ ಸದ್ದು ಇಷ್ಟ, ಹೆಂಡತಿಗೆ ಇಲ್ಲ.

ಕಳೆದ ತಿಂಗಳು ಪೋರ್ಟ್ಸ್‌ಮತ್ ಹಾರ್ಬರ್ ಬಾಯಲ್ಲಿ ನಿಂತುಬಿಟ್ಟಿತು. ಅಲ್ಲಿ ಸಣ್ಣ ದೋಣಿಗಳಿಗೆ ಬೇರೆ ಕಾಲುವೆ ಇದೆ. ಎಂಜಿನ್ ಇರುವ ದೋಣಿ ಅದರಲ್ಲಿ ಎಂಜಿನ್ ಹಾಕಿಕೊಂಡೇ ಹೋಗಬೇಕು ಅಂತ ನಿಯಮ. ಹಾಯಿ ಬಿಚ್ಚಿಕೊಂಡು ಆರಾಮಾಗಿ ತೇಲಿ ಹೋಗುತ್ತೇನೆ ಅನ್ನುವ ಹಾಗಿಲ್ಲ. ಹಿಂದಿನಿಂದ ಮನೆಯಷ್ಟು ದೊಡ್ಡ ಫೆರಿ ಬರುತ್ತಿತ್ತು. ಪಕ್ಕದ ದೋಣಿಯವರು ಹಗ್ಗ ಎಸೆದು ಎಳೆದುಕೊಂಡು ಹೋದರು. ಆವತ್ತೇ ತೀರ್ಮಾನ ಮಾಡಿದೆ, ಬದಲಾಯಿಸಬೇಕು ಅಂತ.

ಯಾನ್ಮಾರ್ 3ವೈಎಂ30 (29 ಎಚ್‌ಪಿ) ಹಾಕಿಬಿಡಲಾ? ಜಾಸ್ತಿ ಶಕ್ತಿ ಇದ್ದರೆ ಒಳ್ಳೆಯದೇ ಅಲ್ವಾ? ಇಲ್ಲಾ 3ವೈಎಂ20 (21 ಎಚ್‌ಪಿ) ಸಾಕಾ? ಬೀಟಾ 16, ಬೀಟಾ 20, ವೋಲ್ವೊ ಪೆಂಟಾ ಡಿ1-20 ಇವೂ ಪಟ್ಟಿಯಲ್ಲಿವೆ. ದೋಣಿ ಕೊಂಡಿದ್ದು ಐದೂವರೆ ಸಾವಿರ ಪೌಂಡ್‌ಗೆ. ಎಂಜಿನ್ ಒಂದಕ್ಕೇ ಏಳರಿಂದ ಎಂಟು ಸಾವಿರ ಹೇಳುತ್ತಿದ್ದಾರೆ. "ಕುದುರೆಗಿಂತ ಲಾಳ ದುಬಾರಿನಾ?" ಅಂತ ಮನೆಯಲ್ಲಿ ಕೇಳಿದ್ದಾರೆ. ಉತ್ತರ ನನ್ನ ಹತ್ತಿರ ಇಲ್ಲ.

ನಿಧಾನವೇ ಪ್ರಧಾನ (ಅಕ್ಟೋಬರ್ 6)

ಮೊದಲು ಆ ಲಾಳದ ಪ್ರಶ್ನೆ. ದೋಣಿ ಮಾರುವಾಗ ಹಾಕಿದ ದುಡ್ಡಿನಲ್ಲಿ ಅರ್ಧ ವಾಪಸ್ ಬಂದರೆ ದೊಡ್ಡದು. ಹಾಗಾಗಿ ಇನ್ನೂ ಎಂಟು ಹತ್ತು ವರ್ಷ ಈ ದೋಣಿ ನನ್ನ ಹತ್ತಿರ ಇರುತ್ತದೆ ಅನ್ನುವ ಗ್ಯಾರಂಟಿ ಇದ್ದರೆ ಮಾತ್ರ ಹೊಸದು ಹಾಕು. ಎರಡು ವರ್ಷದಲ್ಲಿ 32 ಅಡಿಯ ದೋಣಿಗೆ ಆಸೆ ಪಡುವವನಾದರೆ, ಈಗಾಗಲೇ ಹೊಸ ಎಂಜಿನ್ ಹಾಕಿರುವ ಇನ್ನೊಂದು ಸೆಂಟಾರ್ ಹುಡುಕಿ ಕೊಂಡುಕೋ. 2,400ಕ್ಕೂ ಜಾಸ್ತಿ ಕಟ್ಟಿದ್ದಾರೆ, ಸಿಗದೆ ಎಲ್ಲಿ ಹೋಗುತ್ತವೆ. ಬೇರೆಯವರು ಹಾಕಿದ ಎಂಜಿನ್ನಷ್ಟು ಅಗ್ಗದ ಎಂಜಿನ್ ಇನ್ನೊಂದಿಲ್ಲ.

ನಾನು ಈ ಬುದ್ಧಿ ಹೇಳುತ್ತಿರುವುದು ಪ್ಲಿಮತ್‌ನಲ್ಲಿ ನನ್ನ 28 ಅಡಿ ದೋಣಿಗೆ ಹೊಸ ಎಂಜಿನ್ ಹಾಕಿಸಿದ ಮೇಲೆ. ನನಗೆ ಯಾರೂ ಹೇಳಲಿಲ್ಲ.

ಉಪ್ಪುಗಾಳಿ (ಅಕ್ಟೋಬರ್ 7)

ಕಾರವಾರದವನು. ಹಡಗಿನ ಎಂಜಿನ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷ ಬೆವರು ಸುರಿಸಿ, ಈಗ ಸ್ಕಾಟ್ಲೆಂಡಿನ ಕ್ಲೈಡ್‌ನಲ್ಲಿ ಸಣ್ಣ ದೋಣಿ ಇಟ್ಟುಕೊಂಡಿದ್ದೇನೆ.

30 ಎಚ್‌ಪಿ ಮರೆತುಬಿಡಿ. ಯಾಕೆ ಅಂತ ಹೇಳುತ್ತೇನೆ.

ನಿಮ್ಮ ದೋಣಿಯ ಉದ್ದ ನೀರು ಮುಟ್ಟುವ ಗೆರೆಯಲ್ಲಿ 21 ಅಡಿ 4 ಇಂಚು. ಇಂಥ ದೋಣಿ ನೀರನ್ನು ತಳ್ಳಿಕೊಂಡು ಹೋಗುವಾಗ ಮುಂದೊಂದು ಅಲೆ, ಹಿಂದೊಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದ ಹಾಗೆ ಎರಡು ಅಲೆಗಳ ನಡುವಿನ ದೂರ ಹಿಗ್ಗುತ್ತದೆ. ಒಂದು ಹಂತಕ್ಕೆ ಬಂದಾಗ ದೋಣಿ ತಾನೇ ಮಾಡಿದ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಡಿ ಲೆಕ್ಕದ ಉದ್ದದ ವರ್ಗಮೂಲಕ್ಕೆ 1.34ರಿಂದ ಗುಣಿಸಿದರೆ ಆ ವೇಗ ಸಿಗುತ್ತದೆ. ನಿಮ್ಮದಕ್ಕೆ 6.2 ನಾಟ್, ಅಂದರೆ ಗಂಟೆಗೆ ಸುಮಾರು ಹನ್ನೊಂದೂವರೆ ಕಿಲೋಮೀಟರ್. ಅದರಾಚೆ ಎಷ್ಟು ಎಚ್‌ಪಿ ಸುರಿದರೂ ಹಿಂಭಾಗ ಕುಸಿಯುತ್ತದೆ, ಡೀಸೆಲ್ ಖಾಲಿಯಾಗುತ್ತದೆ, ವೇಗ ಬರುವುದಿಲ್ಲ. ಎತ್ತಿಗೆ ಎಷ್ಟು ಹೊಡೆದರೂ ಅದು ಕುದುರೆ ಆಗುವುದಿಲ್ಲ.

ದೋಣಿ ತೂಕ ಮೂರು ಟನ್. ನೀರು, ಡೀಸೆಲ್, ಆಂಕರ್, ಅಕ್ಕಿ ಬೇಳೆ ಎಲ್ಲ ಸೇರಿ ಮೂರೂವರೆ ಇಟ್ಟುಕೊಳ್ಳಿ. ಟನ್‌ಗೆ 4 ಎಚ್‌ಪಿ ಅಂದರೆ 14. ಎದುರುಗಾಳಿಗೆ ಸ್ವಲ್ಪ ಕೈಯಲ್ಲಿರಲಿ ಅಂದರೆ 16ರಿಂದ 20. ಅಷ್ಟೇ.

ಇನ್ನೊಂದು ಮಾತು. ಡೀಸೆಲ್‌ಗೆ ಸೋಮಾರಿ ಕೆಲಸ ಆಗುವುದಿಲ್ಲ. 30 ಎಚ್‌ಪಿಯ ಎಂಜಿನ್‌ನಿಂದ ಸದಾ 8 ಎಚ್‌ಪಿ ಕೆಲಸ ತೆಗೆದರೆ ಅದು ಸರಿಯಾಗಿ ಬಿಸಿಯಾಗುವುದೇ ಇಲ್ಲ. ಸಿಲಿಂಡರ್ ಗೋಡೆ ಗಾಜಿನ ಹಾಗೆ ನುಣ್ಣಗಾಗುತ್ತದೆ, ಎಣ್ಣೆ ಕುಡಿಯುತ್ತದೆ, ಎಕ್ಸಾಸ್ಟ್ ಪೈಪು ಬಾಗುವ ಮೊಣಕೈಯಲ್ಲಿ ಮಸಿ ಕಟ್ಟುತ್ತದೆ. ಬ್ಯಾಟರಿ ಚಾರ್ಜ್ ಆಗಲಿ ಅಂತ ಕಟ್ಟಿದ ಜಾಗದಲ್ಲೇ ಗಂಟೆಗಟ್ಟಲೆ ಐಡಲ್‌ನಲ್ಲಿ ಓಡಿಸುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಹಾಯಿಪಟ (ಅಕ್ಟೋಬರ್ 7)

ಸರ್, ಆದರೆ ಸೋಲೆಂಟ್‌ನಲ್ಲಿ (ನಮ್ಮ ತೀರಕ್ಕೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವಿನ ಜಲಸಂಧಿ) ನೀರಿನ ಸೆಳೆತ ಜೋರು. ಅದರ ಪಶ್ಚಿಮದ ಕಿರಿದಾದ ಬಾಯಿ ಹರ್ಸ್ಟ್ ಹತ್ತಿರ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು 4 ನಾಟ್‌ಗಿಂತ ಜಾಸ್ತಿ ಓಡುತ್ತದೆ. ಅದಕ್ಕಾದರೂ ದೊಡ್ಡದು ಬೇಡವಾ?

ಉಪ್ಪುಗಾಳಿ (ಅಕ್ಟೋಬರ್ 7)

16 ಎಚ್‌ಪಿ ಇದ್ದರೆ ಐದೂವರೆ ನಾಟ್, 30 ಇದ್ದರೆ ಆರೂ ಕಾಲು. ಎದುರು ನಾಲ್ಕು ನಾಟ್ ಬಂದರೆ ನಿಮಗೆ ಉಳಿಯುವುದು ಒಂದೂವರೆ ಅಥವಾ ಎರಡೂ ಕಾಲು. ಎರಡೂ ನಡಿಗೆಯ ವೇಗವೇ. ಆ ಮುಕ್ಕಾಲು ನಾಟ್‌ಗೆ ಸಾವಿರಾರು ಪೌಂಡ್ ಕೊಡುತ್ತೀರಾ? ಉಬ್ಬರ ಇಳಿತದ ಪಟ್ಟಿ ಪುಸ್ತಕ ಕೆಲವೇ ಪೌಂಡ್‌ಗೆ ಸಿಗುತ್ತದೆ. ನೀರು ತಿರುಗುವವರೆಗೆ ಚಹಾ ಮಾಡಿಕೊಂಡು ಕೂತಿರಿ.

ಮಲ್ಪೆ ಮೆಕ್ಯಾನಿಕ್ (ಅಕ್ಟೋಬರ್ 8)

ನನಗೆ ಹಾಯಿ ಗೀಯಿ ಗೊತ್ತಿಲ್ಲ. ಟ್ರಾಲರ್ ಎಂಜಿನ್ ಬಿಚ್ಚಿ ಕಟ್ಟುವುದು ನನ್ನ ಕೆಲಸ. ಒಂದು ಪ್ರಶ್ನೆ. ಎಂಜಿನ್ ನಿಂತದ್ದು ಹೇಗೆ? ತಟ್ಟನೆ ನಿಂತಿತಾ, ಇಲ್ಲಾ ಉಸಿರು ಕಟ್ಟಿದವರ ಹಾಗೆ ಏರಿಳಿದು ಏರಿಳಿದು ನಿಂತಿತಾ?

ಹಾಯಿಪಟ (ಅಕ್ಟೋಬರ್ 8)

ಎರಡನೆಯದು. ಎರಡು ನಿಮಿಷ ಏರುವುದು ಇಳಿಯುವುದು ಮಾಡಿತು. ಆಮೇಲೆ ಸತ್ತಿತು. ಅರ್ಧ ಗಂಟೆ ಬಿಟ್ಟು ನೋಡಿದರೆ ಮತ್ತೆ ಹೊತ್ತಿಕೊಂಡಿತು.

ಮಲ್ಪೆ ಮೆಕ್ಯಾನಿಕ್ (ಅಕ್ಟೋಬರ್ 8)

ಹಾಗಾದರೆ ನಿಮ್ಮ ಎಂಜಿನ್‌ಗೆ ಅವತ್ತು ಊಟ ಸಿಗಲಿಲ್ಲ, ಅಷ್ಟೇ. ಅದರ ತಪ್ಪಲ್ಲ. ಟ್ಯಾಂಕ್ ತಳ ನೋಡಿ. ಡೀಸೆಲ್ ಮತ್ತು ನೀರು ಸೇರುವ ಗೆರೆಯಲ್ಲಿ ಒಂದು ಥರ ಸೂಕ್ಷ್ಮಜೀವಿ ಬೆಳೆಯುತ್ತದೆ, ಕಪ್ಪು ಲೋಳೆ. ದೋಣಿ ಸುಮ್ಮನೆ ನಿಂತಿದ್ದಾಗ ತಳದಲ್ಲಿ ಇರುತ್ತದೆ. ಅಲೆಗೆ ಕುಲುಕಿದಾಗ ಮೇಲೆದ್ದು ಪೈಪಿಗೆ ಬಂದು ಅಡ್ಡ ಕೂರುತ್ತದೆ. ಅರ್ಧ ಗಂಟೆ ಬಿಟ್ಟರೆ ಕೆಳಗೆ ಇಳಿಯುತ್ತದೆ, ಎಂಜಿನ್ ಮತ್ತೆ ಓಡುತ್ತದೆ. ಜನ ಮಾತ್ರ ಎಂಜಿನ್ನಿಗೆ ಬೈಯುತ್ತಾರೆ.

ಈಗ ಹೊಸ ಎಂಜಿನ್ ಹಾಕಿ ಅದೇ ಟ್ಯಾಂಕಿಗೆ ಜೋಡಿಸಿದರೆ ಹೊಸದೂ ಅದೇ ಜಾಗದಲ್ಲಿ ನಿಲ್ಲುತ್ತದೆ.

ಹಾಯಿಪಟ (ಅಕ್ಟೋಬರ್ 14)

ಮಲ್ಪೆಯವರಿಗೆ ದೊಡ್ಡ ನಮಸ್ಕಾರ. ಶನಿವಾರ ಟ್ಯಾಂಕ್ ಮುಚ್ಚಳ ತೆಗೆದೆ. ಟಾರ್ಚ್ ಹಾಕಿ ನೋಡಿದರೆ ತಳದಲ್ಲಿ ಗಂಟುಗಟ್ಟಿದ ರಾಗಿ ಅಂಬಲಿಯ ಹಾಗೆ ಕಪ್ಪು ಪದಾರ್ಥ. ಕೈಗವಸು ಹಾಕಿಕೊಂಡು ಮೂರು ಬಕೆಟ್ ತೆಗೆದೆ. ಕಾರಿನಲ್ಲಿ ಇನ್ನೂ ವಾಸನೆ ಹೋಗಿಲ್ಲ.

ಹಾಗಾದರೆ ಹಳೇ ಎಂಜಿನ್ ಉಳಿಸಿಕೊಳ್ಳಬಹುದಾ ಅಂತ ಆಸೆ ಹುಟ್ಟಿತು. ಒಬ್ಬ ಮೆಕ್ಯಾನಿಕ್ ಕರೆಸಿ ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿದೆ. ಒಂದು ಸಿಲಿಂಡರ್ 24 ಬಾರ್, ಇನ್ನೊಂದು 15. ಜೊತೆಗೆ ಬ್ಲಾಕಿನ ಪಕ್ಕದಲ್ಲಿ ತುಕ್ಕಿನ ಒಂದು ಗುಳ್ಳೆ. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ತಟ್ಟಿದೆ. ಹಪ್ಪಳದ ಹಾಗೆ ಒಡೆದು ಕಂದು ನೀರು ಜಿನುಗಿತು.

ಉಪ್ಪುಗಾಳಿ (ಅಕ್ಟೋಬರ್ 14)

ಪಿಸ್ಟನ್, ಲೈನರ್ ಹೋದರೆ ಬದಲಾಯಿಸಬಹುದು. ನೀರು ಓಡುವ ಗೋಡೆಯೇ ತಿಂದುಹೋದರೆ ಮುಗಿಯಿತು. ಬ್ಲಾಕಿಗೆ ಔಷಧಿ ಇಲ್ಲ. ಸುಮಾರು 47 ವರ್ಷ ಉಪ್ಪುನೀರು ಕುಡಿದು ಬದುಕಿದೆ, ಗೌರವದಿಂದ ಕಳಿಸಿಕೊಡಿ.

ಹೊಸದರಲ್ಲಿ ಈ ತಾಪತ್ರಯ ಇಲ್ಲ. ಬ್ಲಾಕಿನೊಳಗೆ ಸಿಹಿನೀರು ಮತ್ತು ಕೂಲಂಟ್ ಮಾತ್ರ ಸುತ್ತುತ್ತದೆ. ಸಮುದ್ರದ ನೀರು ಹೀಟ್ ಎಕ್ಸ್‌ಚೇಂಜರ್ ಕೊಳವೆಯಲ್ಲಿ ಹಾದು, ಆ ಬಿಸಿಯನ್ನು ಹೊತ್ತುಕೊಂಡು, ಎಕ್ಸಾಸ್ಟ್ ಜೊತೆ ಆಚೆ ಹೋಗುತ್ತದೆ. ಇದರಲ್ಲಿ ಇನ್ನೊಂದು ಲಾಭ. ಉಪ್ಪುನೀರು ಬಿಸಿಯಾದರೆ ಉಪ್ಪು ಒಳಗೆ ಗಟ್ಟಿಯಾಗಿ ಕೂರುತ್ತದೆ. ಅದಕ್ಕೇ ಹಳೇ ಎಂಜಿನ್‌ಗಳನ್ನು 60 ಡಿಗ್ರಿ ಆಸುಪಾಸು ತಣ್ಣಗೇ ಓಡಿಸುತ್ತಿದ್ದರು. ಹೊಸದು 80 ಡಿಗ್ರಿ ದಾಟಿ ಓಡಬಹುದು. ಡೀಸೆಲ್ ಚೆನ್ನಾಗಿ ಉರಿಯುತ್ತದೆ. ಬೇಕಿದ್ದರೆ ಆ ಬಿಸಿಯಲ್ಲೇ ಸ್ನಾನದ ನೀರೂ ಕಾಯಿಸಬಹುದು.

ಕಾಲುವೆ ಪಯಣಿಗ (ಅಕ್ಟೋಬರ್ 15)

ಯಾರೂ ಕೇಳುತ್ತಿಲ್ಲ, ಅದಕ್ಕೆ ನಾನೇ ಕೇಳುತ್ತೇನೆ. ಎಲೆಕ್ಟ್ರಿಕ್ ಯಾಕೆ ಬೇಡ? ನಾನಿರುವುದು ನೆದರ್‌ಲೆಂಡ್ಸಿನ ಫ್ರೀಸ್‌ಲ್ಯಾಂಡ್. ದೋಣಿಯಲ್ಲಿ ಮೋಟಾರ್ ಮತ್ತು 10 ಕಿಲೋವಾಟ್ ಅವರ್ ಬ್ಯಾಟರಿ. ಸದ್ದಿಲ್ಲ, ವಾಸನೆಯಿಲ್ಲ, ಕಾರಿನಲ್ಲಿ ಅಂಬಲಿ ಇಲ್ಲ.

ನಿಧಾನವೇ ಪ್ರಧಾನ (ಅಕ್ಟೋಬರ್ 15)

ನಿಮ್ಮ ಕಾಲುವೆಗೆ ನೂರಕ್ಕೆ ನೂರು ಸರಿ. ರಾತ್ರಿ ಕಟ್ಟಿದ ಕಡೆ ಪ್ಲಗ್ ಇರುತ್ತದೆ. ಇವರದು ಕೆಸರಿನ ನಡುವೆ. ಅಲ್ಲಿಗೆ ವಯರ್ ಎಳೆಯುವವರು ಯಾರು?

ಲೆಕ್ಕ ನೋಡಿ. ಮೂರೂವರೆ ಟನ್ ದೋಣಿಯನ್ನು 5 ನಾಟ್‌ನಲ್ಲಿ ತಳ್ಳಲು ಅಂದಾಜು 4 ಕಿಲೋವಾಟ್ ಬೇಕು ಅಂತ ಇಟ್ಟುಕೊಳ್ಳಿ. 10 ಕಿಲೋವಾಟ್ ಅವರ್ ಬ್ಯಾಟರಿ ಎರಡು ಗಂಟೆ ಸ್ವಲ್ಪ ಚಿಲ್ಲರೆ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಕಿಲೋವಾಟ್ ಅವರ್ ಇರುತ್ತದೆ. ಸಣ್ಣ ಎಂಜಿನ್ ಅದರಲ್ಲಿ ಮುಕ್ಕಾಲು ಪಾಲು ಬಿಸಿ ಮಾಡಿ ಕಳೆದರೂ ಎರಡೂವರೆ ಮೂರು ಶಾಫ್ಟ್‌ಗೆ (ಪ್ರೊಪೆಲರ್ ತಿರುಗಿಸುವ ದಂಡಕ್ಕೆ) ತಲುಪುತ್ತದೆ. 40 ಲೀಟರ್ ಟ್ಯಾಂಕ್ ಅಂದರೆ 100ಕ್ಕೂ ಮೇಲೆ. ಗಾಳಿ ಬಿದ್ದ ದಿನ ಐಲ್ ಆಫ್ ವೈಟ್ ಸುತ್ತಿ ಬರುವುದಕ್ಕೆ ಯಾವುದು ಬೇಕು ನೀವೇ ಹೇಳಿ.

ಕಾಲುವೆ ಪಯಣಿಗ (ಅಕ್ಟೋಬರ್ 15)

ಸರಿ, ಒಪ್ಪಿದೆ. ಆದರೂ ಸದ್ದಿಲ್ಲದ ಬೆಳಗ್ಗೆಯ ಸುಖ ನಿಮಗೆ ಗೊತ್ತಿಲ್ಲ.

ಹೊಸಬ (ಅಕ್ಟೋಬರ್ 17)

ನಾನು ಸುಮ್ನೆ ಓದುತ್ತಿದ್ದೆ. ಯಾನ್ಮಾರ್, ಬೀಟಾ, ವೋಲ್ವೊ, ನಾನಿ, ವೀಟಸ್... ಇವುಗಳಲ್ಲಿ ಯಾವುದು ಬೆಸ್ಟ್ ಅಂತ ಒಂದೇ ಸಾಲಿನಲ್ಲಿ ಹೇಳಿಬಿಡಿ.

ನಿಧಾನವೇ ಪ್ರಧಾನ (ಅಕ್ಟೋಬರ್ 17)

ಒಂದೇ ಸಾಲಿನಲ್ಲಿ: ನಿಮ್ಮ ದೋಣಿಯಲ್ಲಿ ಕೂರುವುದು ಬೆಸ್ಟ್.

ಸ್ವಲ್ಪ ಬಿಡಿಸಿ ಹೇಳಿದರೆ, ಈ ಗಾತ್ರದಲ್ಲಿ ಹಣೆಪಟ್ಟಿ ಬೇರೆ, ಒಳಗಿನ ಜೀವ ಬೇರೆ. ಬೀಟಾ ಗ್ಲಾಸ್ಟರ್ ಹತ್ತಿರದ ಕ್ವೆಜ್ಲಿಯವರು, ನಾನಿ ಫ್ರಾನ್ಸಿನವರು. ಎರಡರ ಸಣ್ಣ ಎಂಜಿನ್ನೂ ಕುಬೋಟಾ ಬ್ಲಾಕ್. ವೀಟಸ್ ಸಣ್ಣವುಗಳ ಒಳಗೆ ಮಿತ್ಸುಬಿಶಿ. ಕಾರ್ಖಾನೆಗೆ, ಮಿನಿ ಜೆಸಿಬಿಗೆ ಅಂತ ಮಾಡಿದ ಬ್ಲಾಕ್ ತಂದು, ಹೀಟ್ ಎಕ್ಸ್‌ಚೇಂಜರ್, ಸಮುದ್ರ ನೀರಿನ ಪಂಪ್, ಗೇರ್‌ಬಾಕ್ಸ್ ಜೋಡಿಸಿ ದೋಣಿಗೆ ಒಗ್ಗಿಸುತ್ತಾರೆ. ಯಾನ್ಮಾರ್ ಆದರೆ ಬ್ಲಾಕೂ ತನ್ನದೇ. ಎಲ್ಲವೂ ಸಾವಿರಾರು ಗಂಟೆ ಓಡುವಂಥವೇ. ನಾವು ವರ್ಷಕ್ಕೆ ಓಡಿಸುವುದು ಐವತ್ತೋ ನೂರೋ ಗಂಟೆ. ಸವೆದು ಸಾಯುವ ದೋಣಿ ಎಂಜಿನ್ ನಾನು ನೋಡಿದ್ದು ಕಡಿಮೆ. ತುಕ್ಕು, ಕೊಳೆ ಎಣ್ಣೆ, ಒಳಗೆ ನುಗ್ಗಿದ ನೀರು, ಇವುಗಳಿಂದಲೇ ಸಾಯುವುದು.

ಮಲ್ಪೆ ಮೆಕ್ಯಾನಿಕ್ (ಅಕ್ಟೋಬರ್ 17)

ನಮ್ಮ ಕಡೆ ಭತ್ತ ನಾಟಿ ಯಂತ್ರ ನೋಡಿದವರಿಗೆ ಕುಬೋಟಾ, ಯಾನ್ಮಾರ್ ಎರಡೂ ಹೆಸರು ಗೊತ್ತು. ಕೆಸರು ಗದ್ದೆಯಲ್ಲಿ ಓಡುವ ಕಂಪನಿಯದು ನಿಮ್ಮ ಕೆಸರಿನಲ್ಲೂ ಓಡುತ್ತದೆ.

ನೀರು ನುಗ್ಗುವುದು ಅಂದರಲ್ಲ, ಅದನ್ನು ಬಿಡಿಸಿ ಹೇಳಿ.

ನಿಧಾನವೇ ಪ್ರಧಾನ (ಅಕ್ಟೋಬರ್ 18)

ಹೇಳುತ್ತೇನೆ, ನನ್ನದೇ ಮೂರ್ಖತನ. ಹೊಸ ಎಂಜಿನ್ ಹಾಕಿದ ಮೊದಲ ವರ್ಷ. ಬೆಳಗ್ಗೆ ಸ್ಟಾರ್ಟ್ ಆಗಲಿಲ್ಲ, ಪೈಪಿನಲ್ಲಿ ಗಾಳಿ ಸೇರಿತ್ತು. ನಾನು ಬಟನ್ ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ. ಎಂಜಿನ್ ತಿರುಗಿದಷ್ಟು ಸಲ ಸಮುದ್ರದ ನೀರಿನ ಪಂಪೂ ತಿರುಗುತ್ತದೆ ಅಲ್ವಾ? ನೀರು ಎಕ್ಸಾಸ್ಟಿಗೆ ಹೋಗಿ ವಾಟರ್‌ಲಾಕ್ (ಎಕ್ಸಾಸ್ಟಿನ ನೀರು ನಿಲ್ಲುವ ಡಬ್ಬ) ತುಂಬಿತು. ಆಚೆ ತಳ್ಳಲು ಹೊಗೆ ಇಲ್ಲ, ಯಾಕೆಂದರೆ ಎಂಜಿನ್ ಹೊತ್ತಿಲ್ಲ. ನೀರು ಹಿಂದಕ್ಕೆ ಏರಿ ಸಿಲಿಂಡರಿಗೆ ಬಂತು. ಆಮೇಲೆ "ಟಕ್" ಅಂತ ಒಂದು ಸದ್ದು, ತಿರುಗುವುದೇ ನಿಂತಿತು. ಅದೃಷ್ಟ, ಅದೇ ಗಂಟೆಯಲ್ಲಿ ಇಂಜೆಕ್ಟರ್ ಬಿಚ್ಚಿ ನೀರು ತೆಗೆದು, ಎಣ್ಣೆ ಮೂರು ಸಲ ಬದಲಾಯಿಸಿದೆ, ಬದುಕಿತು. ಹತ್ತು ಸೆಕೆಂಡಿನ ಎರಡು ಪ್ರಯತ್ನಕ್ಕೆ ಹೊತ್ತಲಿಲ್ಲ ಅಂದರೆ ಮೊದಲು ಸಮುದ್ರದ ನೀರಿನ ಕಾಕ್ ಮುಚ್ಚಿ. ಹೊತ್ತಿದ ತಕ್ಷಣ ತೆರೆಯಲು ಮರೆಯಬೇಡಿ, ಇಲ್ಲವಾದರೆ ಪಂಪಿನೊಳಗಿನ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಸುಡುತ್ತದೆ. ನಾನು ಕೀಲಿಕೈಯನ್ನು ಕಾಕಿನ ಹಿಡಿಗೇ ನೇತು ಹಾಕುತ್ತೇನೆ.

ನೀರು ನುಗ್ಗಲು ಇನ್ನೊಂದು ದಾರಿಯೂ ಇದೆ, ಸೈಫನ್. ಎಂಜಿನ್ ನಿಂತಿದ್ದಾಗಲೂ ಹೊರಗಿನ ನೀರು ಪೈಪಿನಲ್ಲಿ ತಾನಾಗಿಯೇ ಹರಿದು ಬರುತ್ತದೆ. ಎಕ್ಸಾಸ್ಟಿಗೆ ನೀರು ಸೇರುವ ಜಾಗ ದೋಣಿಯ ಹೊರಗಿನ ನೀರಿನ ಮಟ್ಟಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಮೇಲಿರಬೇಕು. ಇಲ್ಲವಾದರೆ ಪೈಪನ್ನು ಮೇಲಕ್ಕೆ ಎತ್ತಿ, ಅದರ ಅತಿ ಎತ್ತರದ ಜಾಗದಲ್ಲಿ ಆಂಟಿ ಸೈಫನ್ ವಾಲ್ವ್ ಹಾಕಬೇಕು. ಸೆಂಟಾರ್‌ನಲ್ಲಿ ಎಂಜಿನ್ ಕೆಳಗೆ ಕೂರುತ್ತದೆ, ನೀವಂತೂ ಅಳೆದು ನೋಡಿ.

ಹಾಯಿಪಟ (ಅಕ್ಟೋಬರ್ 20)

ಸರಿ, 30 ಬಿಟ್ಟೆ. ಬೀಟಾ 16 ಅಂತ ಮನಸ್ಸು ಮಾಡಿದ್ದೇನೆ. ಹಳೇ ಎಂಜಿನ್ 200 ಕೆಜಿ ಆಸುಪಾಸು, ಇದು ನೂರರ ಆಸುಪಾಸು. ಪ್ರೊಪೆಲರ್ ಹಳೆಯದೇ ಸಾಕು ಅಂತ ಲೆಕ್ಕ ಹಾಕಿದೆ. ಹಳೆಯದು 2500 ಆರ್‌ಪಿಎಂ (ನಿಮಿಷಕ್ಕೆ ಇಷ್ಟು ಸುತ್ತು), ಗೇರ್ 1.9ಕ್ಕೆ ಒಂದು. ಅಂದರೆ ಶಾಫ್ಟ್ ಸುಮಾರು 1316 ಸುತ್ತು. ಹೊಸದು 3600, ಗೇರ್ 2.6 ತೆಗೆದುಕೊಂಡರೆ 1385. ಹತ್ತಿರ ಹತ್ತಿರ ಒಂದೇ. ಅಲ್ವಾ?

ಉಪ್ಪುಗಾಳಿ (ಅಕ್ಟೋಬರ್ 20)

ಅಲ್ಲ. ಇಲ್ಲೇ ಎಲ್ಲರೂ ಎಡವುವುದು.

ಪ್ರೊಪೆಲರ್ ಕುಡಿಯುವ ಶಕ್ತಿ ಸುತ್ತಿನ ಘನದ ಲೆಕ್ಕದಲ್ಲಿ ಏರುತ್ತದೆ. ಹಳೇ ಪ್ರೊಪೆಲರ್ 1316 ಸುತ್ತಿನಲ್ಲಿ 23 ಎಚ್‌ಪಿ ಕುಡಿಯುತ್ತಿತ್ತು ಅಂತ ಇಟ್ಟುಕೊಂಡರೆ, 1385ಕ್ಕೆ ಅದಕ್ಕೆ 27ರ ಹತ್ತಿರ ಬೇಕು. ನಿಮ್ಮ ಹತ್ತಿರ 16 ಇದೆ. ಹಾಗಾಗಿ ಎಂಜಿನ್ 3600 ಮುಟ್ಟುವುದೇ ಇಲ್ಲ. 3000 ಆಸುಪಾಸಿನಲ್ಲಿ ಏದುಸಿರು ಬಿಡುತ್ತಾ ಕಪ್ಪು ಹೊಗೆ ಕಾರುತ್ತದೆ. 20 ಎಚ್‌ಪಿ ಹಾಕಿದರೂ 3250 ದಾಟುವುದು ಕಷ್ಟ. ಏರು ರಸ್ತೆಯಲ್ಲಿ ಟಾಪ್ ಗೇರ್ ಹಾಕಿಕೊಂಡು ಹೋದ ಹಾಗೆ.

ಗೇರ್ ಹಾಕಿ ಪೂರ್ತಿ ತ್ರಾಟಲ್ ಕೊಟ್ಟಾಗ ಎಂಜಿನ್ ತನ್ನ ಗರಿಷ್ಠ ಸುತ್ತಿನ ನೂರಿನ್ನೂರರೊಳಗೆ ಬರಬೇಕು. ಅದೇ ಪರೀಕ್ಷೆ. ಹಳೇ ಪ್ರೊಪೆಲರ್ ಬಿಸಾಡಬೇಡಿ, ವರ್ಕ್‌ಶಾಪಿನಲ್ಲಿ ಪಿಚ್ (ಅಲಗಿನ ಓರೆ, ಒಂದು ಸುತ್ತಿಗೆ ಮುಂದೆ ಹೋಗುವ ಲೆಕ್ಕ) ಎರಡು ಇಂಚು ಇಳಿಸಿಕೊಡುತ್ತಾರೆ. ಹಾಗೇ ಹೊಸ ಗೇರ್‌ಬಾಕ್ಸ್ ಶಾಫ್ಟನ್ನು ಯಾವ ಕಡೆಗೆ ತಿರುಗಿಸುತ್ತದೆ ನೋಡಿಕೊಳ್ಳಿ. ಎಡಗೈ ಪ್ರೊಪೆಲರಿಗೆ ಬಲಗೈ ಗೇರ್ ಹಾಕಿಕೊಂಡು, ಮುಂದೆ ಹಾಕಿದರೆ ದೋಣಿ ಹಿಂದೆ ಹೋದವರ ಕತೆ ನನಗೆ ಗೊತ್ತು.

ನಿಧಾನವೇ ಪ್ರಧಾನ (ಅಕ್ಟೋಬರ್ 20)

ಆರ್ಡರ್ ಕೊಡುವ ಮೊದಲು ಪ್ಲೈವುಡ್‌ನಲ್ಲಿ ಎಂಜಿನ್ ಮಾಡು. ತಮಾಷೆ ಅಲ್ಲ. ಕಂಪನಿಯ ನಕ್ಷೆಯಲ್ಲಿ ಉದ್ದ, ಅಗಲ, ಎತ್ತರ, ಕಾಲುಗಳ ಜಾಗ, ಶಾಫ್ಟ್ ಎಷ್ಟು ಕೆಳಗೆ ಬರುತ್ತದೆ ಎಲ್ಲಾ ಇರುತ್ತದೆ. ಅದೇ ಅಳತೆಯ ಡಬ್ಬ ಮಾಡಿ ಒಳಗೆ ಇಳಿಸಿ ನೋಡು. ನಾನು ಮಾಡಲಿಲ್ಲ. ಹೊಸ ಎಂಜಿನ್ ಕ್ರೇನ್‌ನಲ್ಲಿ ನೇತಾಡುತ್ತಿರುವಾಗ ಸಂಪ್ (ಎಂಜಿನ್ ತಳದ ಎಣ್ಣೆ ಪಾತ್ರೆ) ಎಂಜಿನ್ ಕೂರಿಸುವ ಬೆಡ್‌ಗೆ ತಾಗಿತು. ಗಂಟೆಗೆ ಇಷ್ಟು ಅಂತ ಕ್ರೇನ್ ಬಾಡಿಗೆ ಏರುತ್ತಿತ್ತು, ಯಾರ್ಡ್‌ನವನು ಗ್ರೈಂಡರ್ ಹಿಡಿದು ಬೆಡ್ ಕೊಯ್ಯುತ್ತಿದ್ದ.

ಹಾಯಿಪಟ (ನವೆಂಬರ್ 11)

ಹಳೇ ಎಂಜಿನ್ ಆಚೆ ಬಂತು. ಬೂಮ್‌ಗೆ (ಹಾಯಿಯ ಅಡಿಯ ಅಡ್ಡ ಕಂಬ) ಚೈನ್ ಬ್ಲಾಕ್ ಕಟ್ಟಿ, ಅಡಿಯಲ್ಲಿ ಮರದ ಆಸರೆ ಕೊಟ್ಟು ಎತ್ತಿದೆವು. ಅದಿದ್ದ ಜಾಗ ಈಗ ಹಲ್ಲು ಕಿತ್ತ ಬಾಯಿಯ ಹಾಗಿದೆ. ಎರಡು ದಿನ ಡಿಗ್ರೀಸರ್ ಹಾಕಿ ಉಜ್ಜಿದೆ, ಬಿಳಿ ಪೇಂಟ್ ಬಳಿದೆ. ಎಣ್ಣೆ ಸೋರಿದರೆ ತಕ್ಷಣ ಕಾಣಲಿ ಅಂತ.

ಪ್ಲೈವುಡ್ ಎಂಜಿನ್ ಮಾಡಿದೆ. ಎರಡು ಮಾಡಿದೆ, 16 ಮತ್ತು 20. ಮಗಳು 20ಕ್ಕೆ ಕಣ್ಣು ಬಾಯಿ ಬರೆದಿದ್ದಾಳೆ.

ವಿಚಿತ್ರ ಏನಪ್ಪಾ ಅಂದರೆ, ನನ್ನ ಭಯ ಎಲ್ಲಾ ಎಂಜಿನ್ ದೊಡ್ಡದಾಗಿ ಕೂರದಿದ್ದರೆ ಅಂತ ಇತ್ತು. ತೊಂದರೆ ಬಂದದ್ದು ಸಣ್ಣದಾಗಿದ್ದಕ್ಕೆ. ಹಿಂದಿನ ತುದಿಯನ್ನು ಹಳೇ ಶಾಫ್ಟ್ ಕಪ್ಲಿಂಗಿಗೆ (ಶಾಫ್ಟನ್ನು ಎಂಜಿನ್‌ಗೆ ಜೋಡಿಸುವ ಬಿಲ್ಲೆ) ಸೇರಿಸಿದರೆ, 16ರ ಮೂತಿ ಕಾಕ್‌ಪಿಟ್ (ಚುಕ್ಕಾಣಿ ಹಿಡಿದು ಕೂರುವ ಜಾಗ) ಕೆಳಗೆ ತುಂಬಾ ಹಿಂದೆ ಹೋಗಿಬಿಡುತ್ತದೆ. ಸಮುದ್ರ ನೀರಿನ ಪಂಪ್ ಮುಂದುಗಡೆ ಇರುತ್ತದೆ. ಮೆಟ್ಟಿಲು ತೆಗೆದು ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದೆ. ಬೆರಳ ತುದಿ ಮುಟ್ಟಿತು, ಸ್ಪ್ಯಾನರ್ ಹಿಡಿಯಲು ಆಗಲಿಲ್ಲ. ಮೂರು ಸಿಲಿಂಡರಿನ 20 ಒಂದು ಸಿಲಿಂಡರಿನಷ್ಟು, ಅಂದಾಜು ಏಳೆಂಟು ಸೆಂಟಿಮೀಟರ್ ಉದ್ದ. ಅಷ್ಟಕ್ಕೇ ಪಂಪಿನ ಮುಚ್ಚಳ ಅಂಗೈಗೆ ಸಿಗುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿ ನೋಡುವ ನಾಟಕವನ್ನೂ ಮಾಡಿದೆ.

ಹಾಗಾಗಿ 20. ಹಾರ್ಸ್‌ಪವರಿಗೆ ಅಲ್ಲ, ಕೈಗೆ ಎಟುಕಲಿ ಅಂತ.

ಹೊಸಬ (ನವೆಂಬರ್ 11)

ಶಾಫ್ಟ್ ಉದ್ದ ಮಾಡಿಸಿ 16ನ್ನೇ ಮುಂದೆ ತರಬಹುದಿತ್ತಲ್ಲ?

ಉಪ್ಪುಗಾಳಿ (ನವೆಂಬರ್ 11)

ತರಬಹುದು. ಹೊಸ ಶಾಫ್ಟಿನ ದುಡ್ಡು, ಆಸರೆ ಇಲ್ಲದ ಉದ್ದ ಜಾಸ್ತಿಯಾದರೆ ಅದರ ನಡುಕ, ಬೆಡ್‌ನಲ್ಲಿ ಹೊಸ ತೂತು. ಎರಡು ಎಂಜಿನ್‌ಗೆ ಬೆಲೆಯ ವ್ಯತ್ಯಾಸ ಅದಕ್ಕಿಂತ ಕಡಿಮೆ ಇದ್ದರೆ ಇವರು ಮಾಡಿದ್ದೇ ಸರಿ. ಕತ್ತಲಲ್ಲಿ, ದೋಣಿ ಕುಣಿಯುತ್ತಿರುವಾಗ, ಇಂಪೆಲ್ಲರ್ ಬದಲಾಯಿಸಿದವರಿಗೆ ಈ ಏಳು ಸೆಂಟಿಮೀಟರಿನ ಬೆಲೆ ಗೊತ್ತು.

ಮಲ್ಪೆ ಮೆಕ್ಯಾನಿಕ್ (ನವೆಂಬರ್ 12)

ಎಣ್ಣೆ ಫಿಲ್ಟರ್ ಯಾವ ಕಡೆ ಬರುತ್ತದೆ ಅದನ್ನೂ ನೋಡಿಕೊಳ್ಳಿ. ನೀರು ಬೇರೆ ಮಾಡುವ ಗಾಜಿನ ಬಟ್ಟಲಿನ ಫಿಲ್ಟರ್ ಹೊಸದು ಹಾಕಿ, ಕಣ್ಣಿಗೆ ಕಾಣುವ ಜಾಗದಲ್ಲಿ. ನಮ್ಮ ಹುಡುಗರು ಬೆಳಗ್ಗೆ ಹೊರಡುವ ಮುಂಚೆ ಅದನ್ನು ನೋಡದೆ ಹಗ್ಗ ಬಿಚ್ಚುವುದಿಲ್ಲ.

ಹಾಯಿಪಟ (ಮೇ 19)

ಬಹಳ ದಿನ ಆಯಿತು, ಕ್ಷಮಿಸಿ. ಚಳಿಗಾಲ ಪೂರ್ತಿ ಇದೇ ಕೆಲಸ.

ಏಪ್ರಿಲ್ ಕೊನೆಗೆ ನೀರಿಗೆ ಇಳಿಸಿದೆ. ಯಾರ್ಡ್‌ನಲ್ಲಿ ಒಣಗಿ ನಿಂತಾಗ ಎರಡು ಕಪ್ಲಿಂಗ್ ಮುಖಗಳ ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಸುತ್ತಲೂ ಅಳೆದಿದ್ದೆ. ಎಲ್ಲೂ 0.1 ಮಿಲಿಮೀಟರಿಗಿಂತ ವ್ಯತ್ಯಾಸ ಇರಲಿಲ್ಲ. ಹೆಮ್ಮೆಪಟ್ಟುಕೊಂಡೆ. ನೀರಿಗಿಳಿದು ನಾಲ್ಕು ದಿನ ಬಿಟ್ಟು ಅಳೆದರೆ ಮೇಲುಗಡೆ 0.3! ನೆಲದ ಮೇಲೆ ಕೀಲಿನ ಮೇಲೆ ನಿಂತ ದೋಣಿ ಬೇರೆ, ತೇಲುವ ದೋಣಿ ಬೇರೆ. ಮತ್ತೆ ಎಂಜಿನ್ನಿನ ನಾಲ್ಕು ಕಾಲುಗಳ ಮೌಂಟ್ ನಟ್ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸುತ್ತಾ ಒಂದು ಇಡೀ ಭಾನುವಾರ. ಬೆನ್ನು ಇನ್ನೂ ನೋಯುತ್ತಿದೆ.

ಪ್ರೊಪೆಲರ್ ಪಿಚ್ ಎರಡು ಇಂಚು ಇಳಿಸಿದ್ದು ಸರಿಹೋಯಿತು. ಗೇರ್‌ನಲ್ಲಿ ಪೂರ್ತಿ ತ್ರಾಟಲ್‌ಗೆ 3450. ಕಪ್ಪು ಹೊಗೆ ಇಲ್ಲ. 2400ರಲ್ಲಿ 5 ನಾಟ್ ಆರಾಮಾಗಿ ಹೋಗುತ್ತದೆ. ಆಂಟಿ ಸೈಫನ್ ಪೈಪ್ ಹಾಕಿದೆ. ನನ್ನ ನೀರು ಸೇರುವ ಜಾಗ ಮಟ್ಟಕ್ಕಿಂತ ಬರೀ 6 ಸೆಂಟಿಮೀಟರ್ ಮೇಲಿತ್ತು. ಹಿಂಭಾಗದ ಭಾರ ಇಳಿದು ದೋಣಿ ಒಂದು ಬೆರಳಿನಷ್ಟು ಮೇಲೆದ್ದಿದೆ. ಹಳೇ ನೀರಿನ ಗೆರೆ ಈಗ ಕೊಳಕು ಕಾಲುಚೀಲದ ಹಾಗೆ ಹೊರಗೆ ಕಾಣುತ್ತದೆ.

ಲೆಕ್ಕ: ಎಂಜಿನ್, ಎಕ್ಸಾಸ್ಟ್, ಮೌಂಟ್, ಫಿಲ್ಟರ್, ಕಪ್ಲಿಂಗ್, ಪೈಪು, ಕ್ಲಿಪ್ಪು, ಪ್ರೊಪೆಲರ್ ಕೆಲಸ, ಕ್ರೇನ್ ಎಲ್ಲಾ ಸೇರಿ ಹತ್ತು ಸಾವಿರ ಪೌಂಡ್ ದಾಟಿತು. ಕೂಲಿ ನನ್ನದೇ, ಅದಕ್ಕೆ ದುಡ್ಡಿಲ್ಲ. ಮನೆಯಲ್ಲಿ ಎಂಜಿನ್ನಿನ ಬೆಲೆ ಮಾತ್ರ ಹೇಳಿದ್ದೇನೆ. ಕ್ಲಿಪ್ಪಿನ ವಿಷಯ ಯಾರೂ ಎತ್ತಬೇಡಿ.

ಮೊನ್ನೆ ಹೆಂಡತಿಯನ್ನು ಕರೆದುಕೊಂಡು ಪೋರ್ಟ್ಸ್‌ಮತ್‌ಗೆ ಹೋದೆ. ಅದೇ ಸಣ್ಣ ಕಾಲುವೆ, ಹಿಂದೆ ಅದೇ ಫೆರಿ. ಅವಳು "ಎಂಜಿನ್ ಆನ್ ಇದೆಯಾ?" ಅಂತ ಕೇಳಿದಳು. ನನಗೆ ಮಾತ್ರ ಆ ಪಂಪ್‌ಸೆಟ್ ಸದ್ದು ಇಲ್ಲದೆ ಏನೋ ಕಳೆದುಕೊಂಡ ಹಾಗೆ ಆಗುತ್ತದೆ.

ಉಪ್ಪುಗಾಳಿ (ಮೇ 19)

ಮೊದಲ 50 ಗಂಟೆಗೆ ಎಣ್ಣೆ, ಫಿಲ್ಟರ್ ಬದಲಾಯಿಸಿ, ಬೆಲ್ಟ್ ಬಿಗಿ ನೋಡಿ. ಮೌಂಟ್ ರಬ್ಬರ್ ಕೂತಿರುತ್ತದೆ, ಫೀಲರ್ ಗೇಜ್ ಮತ್ತೊಮ್ಮೆ ಹಾಕಿ.

ಹಾಯಿಪಟ (ಮೇ 20)

ಮತ್ತೊಂದು ಭಾನುವಾರವಾ!

ಹಳೇ ಎಂಜಿನ್ ಗ್ಯಾರೇಜಿನಲ್ಲಿ ಕೂತಿದೆ. ಬ್ಲಾಕ್ ಗುಜರಿಗೆ. ಗೇರ್‌ಬಾಕ್ಸ್, ಸ್ಟಾರ್ಟರ್, ಎರಡು ಇಂಜೆಕ್ಟರ್ ಚೆನ್ನಾಗಿವೆ. ಯಾರಿಗಾದರೂ ಬೇಕಾ?

ಹೊಸಬ (ಮೇ 20)

ನನಗೆ ಬೇಕು. ಹೇಳಿರಲಿಲ್ಲ, ಹೋದ ವಾರ ನಾನೂ ಒಂದು ಸೆಂಟಾರ್ ಕೊಂಡೆ. ಅದರೊಳಗೂ ಇದೇ ಎಂಜಿನ್, ಇನ್ನೂ ಓಡುತ್ತಿದೆ. ಶನಿವಾರ ಬರಲಾ?

ಹಾಯಿಪಟ (ಮೇ 20)

ಬಾ. ಟ್ಯಾಂಕ್ ಮುಚ್ಚಳ ತೆಗೆದು ನೋಡಿದೆಯಾ?

ಹೊಸಬ (ಮೇ 20)

ಇಲ್ಲ. ಕೈಗವಸು ತರುತ್ತಿದ್ದೇನೆ.